ವಾಲ್ವ್ ತೂತಿನ ಎಡಕ್ಕೆ ಮೂರು ಚುಕ್ಕಿ

ಬ್ಯಾಟರಾಯನಪುರದ ಖಾದರ್ ಬಾಷಾಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಗಾಲಿಯ ಮುಖ ಮಾತ್ರ ಮರೆಯುತ್ತಿರಲಿಲ್ಲ. ಇದು ಅವರೇ ಹೇಳಿಕೊಳ್ಳುತ್ತಿದ್ದ ಮಾತು, ಅದೂ ದಿನಕ್ಕೆರಡು ಸಲ. ಮದುವೆ ಮನೆಯಲ್ಲಿ ಸ್ವಂತ ಷಡ್ಡಕನನ್ನೇ ನೋಡಿ, ಯಾರಿವನು ಎಂದು ಹೆಂಡತಿ ಜಾಹಿದಾಳನ್ನು ಕೇಳಿದ್ದರು. ಅದೇ ಮನುಷ್ಯ, ಹತ್ತು ವರ್ಷದ ಹಿಂದೆ ಕೈಯಾಡಿಸಿದ ಗಾಲಿ ಹೆಬ್ಬಾಳದ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತರೆ, ಸ್ಕೂಟರಿನ ಮೇಲಿಂದಲೇ ಬಗ್ಗಿ ನೋಡಿ, ಇದು ನನ್ನ ಕೆಲಸ ಎನ್ನುತ್ತಿದ್ದರು. ಕಾರಿನವರು ಗಾಬರಿಯಾಗಿ ಗಾಜು ಏರಿಸಿಕೊಳ್ಳುತ್ತಿದ್ದರು.

ಕಾರಿನ ಹಳೆಯ ಗಾಲಿಗಳನ್ನು ಹೊಸದು ಮಾಡುವುದು ಅವರ ಕಸುಬು. ಅದರಲ್ಲೂ ತ್ರೀ ಪೀಸ್ ಗಾಲಿ ಎಂದರೆ ಹೆಬ್ಬಾಳದಿಂದ ಯಲಹಂಕದವರೆಗೆ ಅವರದೇ ಹೆಸರು. ಈಗಿನ ಗಾಲಿಗಳೆಲ್ಲ ಒಂದೇ ಎರಕ. ಹಳೆಯ ಕಾಲದ ದುಬಾರಿ ಕಾರುಗಳದು ಹಾಗಲ್ಲ. ಹೊರಗೆ ಹೊಳೆಯುವ ಬಳೆ ಒಂದು, ಒಳಗೆ ಅಗಲವಾದ ಬಳೆ ಇನ್ನೊಂದು, ನಡುವೆ ಕಡ್ಡಿಗಳ ಚಕ್ರ. ಮೂರನ್ನೂ ಸುತ್ತಲೂ ಮೂವತ್ತೆರಡು ಸಣ್ಣ ಬೋಲ್ಟುಗಳು ಹಿಡಿದಿರುತ್ತವೆ. ಅದನ್ನು ಬಿಚ್ಚಿ, ಹಳೆ ಬಣ್ಣ ಕಿತ್ತು, ಡೊಂಕು ತೆಗೆದು, ಮುಖ ಕಾಣುವಷ್ಟು ಪಾಲಿಶ್ ಮಾಡಿ, ಗಾಳಿ ಸೋರದ ಹಾಗೆ ಸೀಲೆಂಟ್ ಹಚ್ಚಿ ಮತ್ತೆ ಬಿಗಿಯಬೇಕು. ಒಂದು ಗಾಲಿಯ ಬಳೆ ಇನ್ನೊಂದಕ್ಕೆ ಹೋಯಿತೋ, ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮೂವತ್ತು ವರ್ಷ ಒಟ್ಟಿಗೆ ಸುತ್ತಿದ ತುಂಡುಗಳು ಬೇರೆಯದರ ಜೊತೆ ಸರಿಯಾಗಿ ಕೂರುವುದಿಲ್ಲ.

ಅದಕ್ಕೇ ಗುರುತು ಬೇಕು. ಬಿಚ್ಚುತ್ತಿದ್ದಂತೆ ಖಾದರ್ ಬಾಷಾ ಪಂಚ್ ಎಂಬ ಚೂಪು ಮೊನೆಯ ಉಕ್ಕಿನ ಕಡ್ಡಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಜೋಡಿಸಿದರೆ ಮುಚ್ಚಿಹೋಗುವ ಅಂಚಿನಲ್ಲಿ ಚುಕ್ಕಿ ಇಡುತ್ತಿದ್ದರು. ಮೊದಲ ಗಾಲಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ನಾಲ್ಕನೆಯದಕ್ಕೆ ಚುಕ್ಕಿ ಇಲ್ಲ, ಒಂದು ಗೆರೆ. ಚುಕ್ಕಿಯಲ್ಲಿ ಬಣ್ಣ ತುಂಬಿಕೊಂಡರೆ ಮೂರೋ ನಾಲ್ಕೋ ತಿಳಿಯುವುದಿಲ್ಲ ಎಂದು ಅವರೇ ಕಂಡುಕೊಂಡ ಉಪಾಯ ಅದು. ಇನ್ನೊಂದು ವಿಶೇಷ, ಊರಿನವರೆಲ್ಲ ಗಾಳಿ ತುಂಬುವ ವಾಲ್ವ್ ತೂತಿನ ಬಲಕ್ಕೆ ಗುರುತು ಹಾಕಿದರೆ ಇವರದು ಎಡಕ್ಕೆ. ಇವರು ಎಡಗೈಯವರು, ಅಷ್ಟೇ ಕಾರಣ.

2019ರ ಮಾರ್ಚಿನಲ್ಲಿ ಅಮೃತಹಳ್ಳಿಯ ನಂದಕುಮಾರ್ ಎಂಬುವರು ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ ನಾಲ್ಕು ಗಾಲಿಗಳನ್ನು ತಂದಿಳಿಸಿದರು. ಹಳೆಯದೊಂದು ಜರ್ಮನ್ ಕಾರು ಕೊಂಡಿದ್ದರು, ಜೊತೆಗೆ ಬಂದ ಗಾಲಿಗಳಿವು. ಹೊರಬಳೆ ಮಾಸಿ ಬೂದಿಯಾಗಿತ್ತು, ನಡುಚಕ್ರಕ್ಕೆ ಯಾರೋ ಕಪ್ಪು ಬಣ್ಣ ಬಳಿದಿದ್ದರು. ಖಾದರ್ ಬಾಷಾ ಕಣ್ಣಾಡಿಸಿ, ಈ ಸೆಟ್ ನಾನು ಜನ್ಮದಲ್ಲಿ ನೋಡಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದರು. ಅಷ್ಟು ಗಟ್ಟಿಯಾಗಿ ಹೇಳದಿದ್ದರೆ ಆಮೇಲಿನ ಪೇಚಾಟ ಸ್ವಲ್ಪ ಕಮ್ಮಿಯಾಗುತ್ತಿತ್ತೋ ಏನೋ.

ಮಾರನೆಯ ಬೆಳಿಗ್ಗೆ ಬೋಲ್ಟು ಬಿಚ್ಚಿ, ಒಣಗಿದ ಸೀಲೆಂಟ್ ಕೆರೆದು, ಅಂಚು ಒರೆಸಿದರು. ಒಂದು ಚುಕ್ಕಿ. ಮುಂದಿನದರಲ್ಲಿ ಎರಡು. ಅದರ ಮುಂದಿನದರಲ್ಲಿ ಮೂರು. ಕೊನೆಯದರಲ್ಲಿ ಗೆರೆ. ಎಲ್ಲವೂ ವಾಲ್ವ್ ತೂತಿನ ಎಡಕ್ಕೆ.

ಖಾದರ್ ಬಾಷಾ ಸ್ಟೂಲಿನ ಮೇಲೆ ಕೂತರು. ಗುರುತು ತಮ್ಮದು. ಗಾಲಿ ಮಾತ್ರ ತಮಗೆ ಗೊತ್ತಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆಂದು ಅವರಿಗೆ ಬಗೆಹರಿಯಲಿಲ್ಲ.

ಬೇರೆಯವರಾಗಿದ್ದರೆ, ಯಾವಾಗಲೋ ಮಾಡಿರಬೇಕು ಬಿಡು ಎಂದು ಕೆಲಸ ಮುಂದುವರಿಸುತ್ತಿದ್ದರು. ಇವರಿಗೆ ಹಾಗೆ ಬಿಡುವಂತಿರಲಿಲ್ಲ. ಇವರ ಅಬ್ಬಾ ಅರವತ್ತು ದಾಟಿದ ಮೇಲೆ ಒಂದು ಶುಕ್ರವಾರ ನಮಾಜು ಮುಗಿಸಿ, ಪಕ್ಕದ ಬೀದಿಯ ಮುನಿಆಂಜಿನಪ್ಪನವರ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಊಟ ಬಡಿಸಿ ಎಂದು ಕೂತುಬಿಟ್ಟಿದ್ದರು. ಮನೆಯವರು ಒಳ್ಳೆಯವರು, ಬಡಿಸಿದರು. ಬೀದಿಗೆಲ್ಲ ನಗು. ಮೂರು ವರ್ಷಕ್ಕೆ ಮಗನ ಹೆಸರೂ ಬಾಯಿಗೆ ಬಾರದಾಯಿತು, ಆಗ ಯಾರೂ ನಗಲಿಲ್ಲ. ಅಬ್ಬಾನನ್ನು ಮಣ್ಣು ಮಾಡಿ ಬಂದ ದಿನ ಖಾದರ್ ಬಾಷಾ ಜಾಹಿದಾಗೆ ಹೇಳಿದ್ದರು, ನನ್ನ ಗಾಲಿ ನನಗೇ ಗುರುತು ಸಿಗದ ದಿನ ಶಟರ್ ಎಳೆಯುತ್ತೇನೆ ಎಂದು. ಮೂವತ್ತೆರಡರಲ್ಲಿ ಯಾವ ಬೋಲ್ಟು ಬಿಗಿದೆ, ಯಾವುದನ್ನು ಬಿಟ್ಟೆ ಎಂದು ಮರೆಯುವವನು ಇನ್ನೊಬ್ಬರ ಮಕ್ಕಳು ಕೂರುವ ಕಾರನ್ನು ಮುಟ್ಟಬಾರದು. ಈಗ ಅವರಿಗೆ ಅರವತ್ತೊಂದು.

ಅವತ್ತು ಕೆಲಸ ಓಡಲಿಲ್ಲ. ತಮ್ಮ ತಲೆಯನ್ನು ತಾವೇ ಪರೀಕ್ಷೆಗೆ ಕೂರಿಸಿದರು. ಜಾಹಿದಾಳ ಏಳು ಜನ ಅಕ್ಕತಂಗಿಯರ ಹೆಸರು ಹೇಳಿಕೊಂಡರೆ ಆರು ಬಂದವು. ಆದರೆ ಆ ಏಳನೆಯವಳ ಹೆಸರು ಅವರಿಗೆ ಮದುವೆಯಾದಾಗಿನಿಂದಲೂ ನೆನಪಿಲ್ಲ, ಹಾಗಾಗಿ ಅದನ್ನು ಎಣಿಕೆಗೆ ಸೇರಿಸಬೇಕೋ ಬೇಡವೋ ತಿಳಿಯಲಿಲ್ಲ. ಇನ್ನು ಪಂಚ್‌ನ ವಿಷಯ. ಕಸುಬು ಕಲಿಸಿದ ಉಸ್ತಾದ್ ಮುಕ್ತಾರ್ ಸಾಹೇಬರು ಕೊಟ್ಟಿದ್ದ ಹಳೆಯ ಪಂಚ್ ಹೋದ ವರ್ಷ ರಂಜಾನ್ ಕಳೆದಾಗಿನಿಂದ ಕಾಣೆಯಾಗಿತ್ತು. ಅದನ್ನು ಕದ್ದರೆಂದು ಅಂಗಡಿಗೆ ಬಂದುಹೋದವರನ್ನೆಲ್ಲ ಮನಸ್ಸಿನಲ್ಲಿ ಬೈದಿದ್ದರು. ಈಗ ಅದನ್ನೂ ತಾವೇ ಎಲ್ಲೋ ಇಟ್ಟು ಮರೆತಿರಬಹುದೇ ಎಂಬ ಹೊಸ ಅನುಮಾನ ಶುರುವಾಯಿತು.

ಮನೆಯಲ್ಲಿ ಜಾಹಿದಾಳನ್ನು ಸುತ್ತುಬಳಸಿ ಕೇಳಿದರು, ನಾನು ಈ ನಡುವೆ ಏನಾದರೂ ಮರೆಯುತ್ತಿದ್ದೇನಾ ಎಂದು. ಅವಳು ಅಕ್ಕಿ ಆರಿಸುತ್ತಲೇ, ನೀವು ಯಾವಾಗ ನೆನಪಿಟ್ಟುಕೊಂಡಿದ್ದಿರಿ ಎಂದಳು. ಇದು ಸಮಾಧಾನವೋ ಕುಟುಕೋ ಅವರಿಗೆ ಗೊತ್ತಾಗಲಿಲ್ಲ. ಅವಳು ತಲೆ ಎತ್ತಿ ನೋಡದೇ ಇದ್ದದ್ದನ್ನು ಮಾತ್ರ ಗಮನಿಸಿದರು.

ಕೊನೆಗೆ ನಂದಕುಮಾರ್‌ಗೆ ಫೋನ್ ಮಾಡಿದರು. ಅವರು ಹಳೆಯ ಮಾಲೀಕರನ್ನು ವಿಚಾರಿಸಿ, ಐದಾರು ವರ್ಷದ ಹಿಂದೆ ಬಾಗಲೂರಿನ ಒಂದು ಶೆಡ್ಡಿನಲ್ಲಿ ಕೆಲಸ ಮಾಡಿಸಿದ್ದರಂತೆ ಎಂದರು. ಬಾಗಲೂರು ಎಂದದ್ದೇ ಖಾದರ್ ಬಾಷಾಗೆ ಬಾಲರಾಜ್ ನೆನಪಾದ.

ಬಾಲರಾಜ್ ಒಂದು ಕಾಲದಲ್ಲಿ ಅವರ ಪಾಲುದಾರ. ಏರ್‌ಪೋರ್ಟ್ ಶುರುವಾದ 2008ರಲ್ಲಿ ತನ್ನ ಪಾಲಿಶ್ ಮೋಟಾರ್ ತಂದು ಇವರ ಅಂಗಡಿಯಲ್ಲಿಟ್ಟ. ಎರಡು ವರ್ಷ ಎದುರುಬದುರು ಕೂತು ಕೆಲಸ ಮಾಡಿದರು. ರಸ್ತೆ ಅಗಲವಾಗಿ ಅಂಗಡಿಯ ಮುಂಭಾಗ ಹೋದಾಗ ಇಬ್ಬರಿಗೂ ಜಾಗ ಸಾಲದಾಯಿತು. ಸಿಡುಕು ಬೆಳೆಯಿತು. ಒಂದು ದಿನ ಗಿರಾಕಿಯ ಎದುರಿಗೇ ಖಾದರ್ ಬಾಷಾ, ಇವನು ಬರೀ ಉಜ್ಜುವವನು, ಒಂದು ಚುಕ್ಕಿ ಹಾಕಲೂ ಬರುವುದಿಲ್ಲ ಎಂದುಬಿಟ್ಟರು. ಬಾಲರಾಜ್ ಮೋಟಾರನ್ನು ಗೂಡ್ಸ್ ಆಟೋಗೆ ಏರಿಸಿಕೊಂಡು ಬಾಗಲೂರಿಗೆ ಹೊರಟುಹೋದ. ಒಂಬತ್ತು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ತಪ್ಪು ತಮ್ಮದೆಂದು ಖಾದರ್ ಬಾಷಾಗೆ ಗೊತ್ತಿತ್ತು, ಆದರೆ ಅವನನ್ನು ಬೈದುಕೊಳ್ಳುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

ಈಗ ಅವರ ಪರಿಸ್ಥಿತಿ ನೋಡಿ. ಕೈಲಾಗದವನು ಎಂದು ಯಾರನ್ನು ಬೈದಿದ್ದರೋ, ಈ ಕೆಲಸ ಅವನೇ ಮಾಡಿರಲಿ ಎಂದು ಬೇಡಿಕೊಳ್ಳಬೇಕು. ಅವನು ಮಾಡಿದ್ದರೆ ತಮ್ಮ ತಲೆ ನೆಟ್ಟಗಿದೆ. ಆದರೆ ಬಾಲರಾಜ್ ಬಲಗೈಯವನು, ಎಡಕ್ಕೆ ಯಾಕೆ ಹಾಕುತ್ತಾನೆ?

ಬೆಳಿಗ್ಗೆ ಮೂರು ಚುಕ್ಕಿಯ ಬಳೆಯನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿಗೆ ಕಟ್ಟಿದರು. ಬಾಗಲೂರು ಕಡೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದರು. ಜಾಹಿದಾ ಹೆಲ್ಮೆಟ್ ಕೈಗೆ ಕೊಟ್ಟು, ಬಾಲರಾಜ್‌ಗೆ ನನ್ನ ಸಲಾಂ ಹೇಳಿ ಎಂದಳು. ಬಾಲರಾಜ್ ಹೆಸರನ್ನು ತಾವು ಎತ್ತಿರಲೇ ಇಲ್ಲವಲ್ಲ ಎಂದು ಜಕ್ಕೂರು ದಾಟುವವರೆಗೂ ಯೋಚಿಸಿದರು. ಮೂವತ್ತೈದು ವರ್ಷ ಸಂಸಾರ ಮಾಡಿದವಳು, ಮನಸ್ಸು ಓದಿರಬೇಕು ಎಂದು ಬಿಟ್ಟುಬಿಟ್ಟರು.

ಕೋಗಿಲು ಕ್ರಾಸಿನಲ್ಲಿ ತಿರುಗಿ, ಕಟ್ಟಿಗೇನಹಳ್ಳಿ ಹಾದು, ಬಾಗಲೂರು ಸೇರಿದರು. ಎಲ್ಲೂ ದಾರಿ ಕೇಳಲಿಲ್ಲ. ಬೇವಿನಮರದ ಹತ್ತಿರ ಎಡಕ್ಕೆ, ನೀರಿನ ಟ್ಯಾಂಕ್ ಬಳಿ ಬಲಕ್ಕೆ, ಸ್ಕೂಟರ್ ತಾನೇ ತಿರುಗಿದ ಹಾಗಿತ್ತು. ಬಂದೇ ಇಲ್ಲದ ಜಾಗಕ್ಕೆ ಒಂದೇ ಏಟಿಗೆ ಬಂದೆನಲ್ಲ, ಈ ತಲೆಗೆ ಏನಾಗಿದೆ ಎಂದು ಅವರಿಗೆ ಹುರುಪು ಬಂತು. ಶೆಡ್ಡಿನ ಪಕ್ಕದ ಟೀ ಅಂಗಡಿಯ ಅಂಜನಮ್ಮ ಎಂಬಾಕೆ, ಕೇಳುವ ಮೊದಲೇ ಸಕ್ಕರೆ ಹಾಕದ ಟೀ ಕೈಗಿಟ್ಟಳು. ಮುಖ ನೋಡಿಯೇ ಶುಗರ್ ಇದೆ ಎಂದು ತಿಳಿಯುತ್ತಾರಲ್ಲ, ಹಳ್ಳಿ ಜನ ಸೂಕ್ಷ್ಮ ಎಂದುಕೊಂಡರು.

ಬಾಲರಾಜ್ ಎದ್ದು ಬಂದ. ತಲೆ ನರೆತಿತ್ತು. ಒಂಬತ್ತು ವರ್ಷದ ಮೇಲೆ ಕಂಡವನ ಹಾಗೆ ಬೆಚ್ಚಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಸ್ಟೂಲು ಎಳೆದು, ಬನ್ನಿ ಭಾಯ್ ಎಂದ. ಖಾದರ್ ಬಾಷಾ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬಿಗುಮಾನದ ಮಾತುಗಳೆಲ್ಲ ಉಪಯೋಗಕ್ಕೆ ಬರಲಿಲ್ಲ. ಗೋಣಿ ಬಿಚ್ಚಿ ಬಳೆ ತೋರಿಸಿ, ಇದು ಯಾರ ಕೈ ಎಂದು ಕೇಳಿದರು.

"ನಂದೇ ಭಾಯ್," ಎಂದ ಬಾಲರಾಜ್. ಬಳೆಯನ್ನು ಬೆಳಕಿಗೆ ಹಿಡಿದ. "ನೋಡಿ, ಚುಕ್ಕಿ ಎಡಕ್ಕೆ ಒರಗಿದೆ. ನಿಮ್ ಕೈದು ಬಲಕ್ಕೆ ಒರಗ್ತದೆ."

ಹೌದು, ಒರಗಿತ್ತು. ಎರಡು ದಿನದಿಂದ ನೋಡುತ್ತಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾದರೆ ವಾಲ್ವಿನ ಎಡಕ್ಕೆ ಯಾಕೆ ಹಾಕಿದೆ ಎಂದು ಕೇಳಿದರು. ಬಾಲರಾಜ್ ಸಂಕೋಚದಿಂದ ನಕ್ಕ. ನೀವು ಹಾಗೆ ಹಾಕುತ್ತಿದ್ದಿರಿ, ಎಡಗೈಯ ಕಾರಣಕ್ಕೆ ಎಂದು ನನಗೆ ಹೊಳೆಯಲಿಲ್ಲ, ಕೆಲಸದ ಕ್ರಮವೇ ಹಾಗೆ, ಬಲಕ್ಕೆ ಹಾಕಿದರೆ ಗಾಳಿ ಸೋರುತ್ತದೇನೋ ಎಂದುಕೊಂಡಿದ್ದೆ ಎಂದ. ಆಮೇಲೆ ತಾನು ಕೆಲಸ ಕಲಿಸಿದ ನಾಲ್ಕೂ ಜನಕ್ಕೆ ಹಾಗೆಯೇ ಹೇಳಿಕೊಟ್ಟನಂತೆ. ಈಗ ಬಾಗಲೂರು ಸುತ್ತಮುತ್ತ ಎಲ್ಲರೂ ಮಣಿಕಟ್ಟು ತಿರುಚಿಕೊಂಡು ಎಡಕ್ಕೇ ಹಾಕುತ್ತಾರೆ.

ಖಾದರ್ ಬಾಷಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಎಂಥ ಭಯ ಹೊತ್ತು ಬಂದಿದ್ದರೆಂದು ಆಗ ಹೇಳಿಕೊಂಡರು, ಅಬ್ಬಾನ ಕತೆ, ಶಟರ್ ಎಳೆಯುವ ಮಾತು, ಎಲ್ಲವನ್ನೂ. ನನ್ನ ತಲೆ ಸರಿಯಾಗಿದೆ ಕಣೋ ಎಂದರು. ಅಂದು ಚುಕ್ಕಿ ಹಾಕಲು ಬರುವುದಿಲ್ಲ ಎಂದದ್ದು ತಪ್ಪು, ಮನಸ್ಸಿನಲ್ಲಿಟ್ಟುಕೊಳ್ಳಬೇಡ ಎಂದೂ ಹೇಳಿದರು. ಒಂಬತ್ತು ವರ್ಷ ಗಂಟಲಲ್ಲಿದ್ದ ಮಾತು ಅದು.

ಬಾಲರಾಜ್ ನಗಲಿಲ್ಲ. ಕೈಯಲ್ಲಿದ್ದ ವೇಸ್ಟ್ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಹೋದ ವರ್ಷ ಬಂದಾಗ್ಲೂ ಇದನ್ನೇ ಕೇಳಿದ್ರಿ ಭಾಯ್."

ಖಾದರ್ ಬಾಷಾ ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಬಾಲರಾಜ್ ಒಳಗೆ ಹೋಗಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಟ್ಟೆ ಚೀಲ ತಂದು, ಅದರೊಳಗಿನದನ್ನು ಅವರ ಅಂಗೈ ಮೇಲಿಟ್ಟ. ಮುಕ್ತಾರ್ ಸಾಹೇಬರ ಪಂಚ್. ಹಿಡಿಯ ಬಳಿ ಸವೆದ ಜಾಗಕ್ಕೆ ಖಾದರ್ ಬಾಷಾರ ಹೆಬ್ಬೆರಳು ತಾನಾಗಿಯೇ ಹೋಗಿ ಕೂತಿತು.

ಬಾಲರಾಜ್ ಮೆಲ್ಲಗೆ ಹೇಳಿದ. ಹೋದ ವರ್ಷ ರಂಜಾನ್ ಮುಗಿದ ವಾರ ಬೇರೊಂದು ಸೆಟ್ಟಿನ ಬಳೆ ಹಿಡಿದು ಹೀಗೇ ಬಂದಿದ್ದರು. ಹೀಗೇ ಕೇಳಿದರು, ಹೀಗೇ ನಕ್ಕರು, ತಪ್ಪಾಯಿತು ಎಂದರು. ಟೀಗೆ ಸಕ್ಕರೆ ಹಾಕಿದ್ದಕ್ಕೆ ಅಂಜನಮ್ಮನ ಜೊತೆ ಜಗಳವಾಡಿದರು. ಹೋಗುವಾಗ, ಇದು ಇನ್ನು ನಿನ್ನ ಹತ್ತಿರ ಇರಲಿ ಎಂದು ಪಂಚ್ ಅವನ ಕೈಗೆ ಕೊಟ್ಟರು. ಇವತ್ತು ಬೆಳಿಗ್ಗೆ ಜಾಹಿದಾ ಭಾಭಿ ಫೋನ್ ಮಾಡಿದ್ದರು, ಒಬ್ಬರನ್ನೇ ವಾಪಸ್ ಕಳಿಸಬೇಡ ಎಂದು.

ಖಾದರ್ ಬಾಷಾ ಟೀ ಅಂಗಡಿಯ ಕಡೆ ನೋಡಿದರು, ಸ್ಕೂಟರಿನ ಕಡೆ ನೋಡಿದರು. ಬೇವಿನಮರ, ನೀರಿನ ಟ್ಯಾಂಕ್, ಅಕ್ಕಿಯ ಮೊರದಿಂದ ತಲೆ ಎತ್ತದ ಜಾಹಿದಾ. ಎಲ್ಲ ಅರ್ಥವಾಯಿತು. ಆದರೆ ಆ ಒಂದು ದಿನ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಅವರಿಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ರಾಜಿಯಾದವನನ್ನು ಇಡೀ ವರ್ಷ ಬೈದುಕೊಂಡಿದ್ದರಲ್ಲ.

ನಂದಕುಮಾರರ ಗಾಲಿ ಬಿಚ್ಚಿ ಹರಡಿಕೊಂಡಿದ್ದೇನೆ, ಅದನ್ನು ಏನು ಮಾಡಲಿ ಎಂದರು. ಬಾಲರಾಜ್, ಪಾಲಿಶ್ ನೀವೇ ಮಾಡಿ, ಬೋಲ್ಟು ಬಿಗಿಯಲು ನಾನು ಬರುತ್ತೇನೆ, ಎಣಿಸುವುದು ನನ್ನ ಕೆಲಸ ಎಂದ. ಖಾದರ್ ಬಾಷಾ ತಲೆಯಾಡಿಸಿದರು. ಪಂಚನ್ನು ಅವನ ಕೈಗೇ ವಾಪಸ್ ಕೊಟ್ಟರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದರು:

"ಹಂಗಾದ್ರೆ ನಮ್ಮಿಬ್ರ ಜಗಳ ಹೋದ ವರ್ಷನೇ ಮುಗೀತೇನೋ?"

"ಮುಗೀತು ಭಾಯ್," ಎಂದ ಬಾಲರಾಜ್, ಸ್ಕೂಟರಿನ ಕೀ ಅವರ ಕೈಯಿಂದ ತಗೊಳ್ಳುತ್ತ. "ಈ ವರ್ಷಾನೂ ಮುಗೀತು. ಬರೋ ವರ್ಷ ಬಂದ್ರೆ ಆಗ್ಲೂ ಮುಗಿಸಣ, ಹಿಂದೆ ಕೂತ್ಕಳಿ."