ದಾರಿ ಎಂಬ ನಾಲ್ಕನೆಯ ಗೋದಾಮು

ಗಣಿ ಭರಾಟೆಯ ಕಾಲದಲ್ಲಿ ನಾನು ಬಳ್ಳಾರಿಯ ಒಂದು ಲಾರಿ ಸಾಮಾನಿನ ಅಂಗಡಿಯಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಂಕಿ ಬರುತ್ತಿತ್ತು, ಅಕ್ಷರ ತಡವರಿಸಿ ಓದುತ್ತಿದ್ದೆ. ಯಾವ ಸಾಮಾನು ಯಾವ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಸಾಹುಕಾರರು ಸಿರುಗುಪ್ಪ, ಕುರುಗೋಡಿನಲ್ಲೂ ಅಂಗಡಿ ತೆರೆದ ಮೇಲೆ ನನ್ನ ಕಣ್ಣು ಸಾಲಲಿಲ್ಲ. ಅವರ ಸೊಸೆ ಕಂಪ್ಯೂಟರ್ ತಂದು, ಮೂರೂ ಅಂಗಡಿಯ ಸಾಮಾನು ಇಂಟರ್ನೆಟ್ಟಿನಲ್ಲಿ ಒಂದೇ ಪಟ್ಟಿಯಾಗಿ ಕಾಣುವಂತೆ ಮಾಡಿದಳು. ತಿಂಗಳಿಡೀ ನಾನು ಎಣಿಸಿ ಹೇಳಿದೆ, ಅವಳು ಟೈಪ್ ಮಾಡಿದಳು. ಬಂದದ್ದಕ್ಕೆ ಒಂದು ಗುಂಡಿ, ಮಾರಿದ್ದಕ್ಕೆ ಒಂದು ಗುಂಡಿ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಅದಿರಿನ ಲಾರಿಗಳಿಗೆ ಒಂದೊಂದು ಗ್ಯಾರೇಜಿನಲ್ಲಿ ಒಂದೊಂದು ಬಗೆಯ ಸಾಮಾನು ಹಾಕಿರುತ್ತಿದ್ದರು. ಯಾವ ಅಳತೆ ಎಂದು ಡ್ರೈವರಿಗೇ ಗೊತ್ತಿರುತ್ತಿರಲಿಲ್ಲ. ಎರಡು ವಾಟರ್ ಪಂಪ್ ಒಯ್ದು, ಹೊಂದಿದ್ದನ್ನು ಹಾಕಿಸಿ, ಇನ್ನೊಂದನ್ನು ಮರಳಿ ತರುತ್ತಿದ್ದ. ಹಾಗೆ ನೋಡಲು ಒಯ್ದದ್ದಕ್ಕೆ ಕಂಪ್ಯೂಟರಿನಲ್ಲಿ ಗುಂಡಿ ಇರಲಿಲ್ಲ.

ಒಂದು ಮಧ್ಯಾಹ್ನ ಸಿರುಗುಪ್ಪದಿಂದ ಒಬ್ಬ ಡ್ರೈವರು ಬಸ್ಸಿನಲ್ಲಿ ಬಂದ. ಅಲ್ಲಿಯ ನಮ್ಮ ಅಂಗಡಿಯವರು ಪಟ್ಟಿ ನೋಡಿ ಕಳಿಸಿದ್ದರು.

"ಯವ್ವಾ, ವಾಟರ್ ಪಂಪ್ ಕೊಡು. ನಿಮ್ಮಲ್ಲಿ ಒಂದೈತಂತ."

"ಇಲ್ಲಪ್ಪಾ. ಹಾಕಿ ನೋಡ್ತೀನಂತ ನಿನ್ನಿ ಒಬ್ಬ ಒಯ್ದಾನ."

"ಕಂಪ್ಯೂಟರ್‌ನಾಗ ಐತಂದ್ರಲ್ಲ!"

"ಹಂಗಾರ ಕಂಪ್ಯೂಟರನ್ನೇ ಬಿಚ್ಚಿ ಲಾರಿಗೆ ಹಾಕ್ಕೋ."

ಅವನು ನಗಲಿಲ್ಲ. ಸಿರುಗುಪ್ಪದ ಕಡೆ ರಾರಾವಿ ಎಂಬ ಊರಿನ ಹತ್ತಿರ ಅವನ ಲಾರಿ ಕೆಟ್ಟು ನಿಂತಿತ್ತು. ಬೈಯುತ್ತಾ ಎದುರಂಗಡಿಗೆ ಹೋದ.

ಸಾಹುಕಾರರು ಒಳಗಿನಿಂದ ಎದ್ದು ಬಂದರು. "ಅಮ್ಮಾ, ಎಂಟು ದಿನ ಟೈಮ್ ಕೊಡ್ತೀನಿ. ಪಟ್ಟಿಗೂ ಖಾನಿಗೂ ತಾಳೆ ಆಗ್ಬೇಕು. ಇಲ್ಲಾಂದ್ರ ನೀವು ಮನ್ಯಾಗಿರ್ರಿ, ಓದಿದೋರನ್ನ ಕೂಡಿಸ್ತೀನಿ."

ಮನೆಯಲ್ಲಿ ಕೂತರೆ ಊಟಕ್ಕೂ ಇನ್ನೊಬ್ಬರ ಮುಖ ನೋಡಬೇಕು. ಅದು ನನಗಾಗದು.

"ಹಾಕಿ ನೋಡಾಕ ಕೊಡೋದು ಬಂದ್ ಮಾಡ್ರಿ, ಅಷ್ಟೇ," ಎಂದಳು ಆಗಷ್ಟೇ ವಿಷಯ ತಿಳಿದ ಸೊಸೆ.

"ಮಾಡಿದ್ರ ಎಲ್ಲಾ ಡ್ರೈವರು ಎದುರಂಗಡಿಗೇ ಹೋಗ್ತಾರ. ಪಟ್ಟಿ ತಾಳೆ ಆಗ್ತೈತಿ, ಅಂಗಡಿ ಮುಚ್ತೈತಿ," ಎಂದೆ ನಾನು.

"ಮತ್ತ ಅದನ್ನ ಎಲ್ಲಿ ತೋರಿಸ್ಲಿ? ಮಾರಿಲ್ಲ, ಖಾನ್ಯಾಗೂ ಇಲ್ಲ."

ಪರದೆಯ ಮೇಲೆ ಮೂರು ಊರಿನ ಹೆಸರಿದ್ದವು. ಬಳ್ಳಾರಿಯಿಂದ ಕುರುಗೋಡಿಗೆ ಸಾಮಾನು ಕಳಿಸಿದರೆ ಲೆಕ್ಕ ಇಲ್ಲಿ ಇಳಿದು ಅಲ್ಲಿ ಏರುತ್ತಿತ್ತು. ನಾನು ಅಲ್ಲಿ ಬೆರಳಿಟ್ಟೆ. "ಇದರ ಕೆಳಗ ಇನ್ನೊಂದು ಊರು ಸೇರ್ಸು ತಾಯಿ. ದಾರಿ ಅಂತ ಬರಿ. ನೋಡಾಕ ಒಯ್ದಿದ್ದೆಲ್ಲಾ ಅಲ್ಲಿಗೆ ಹೋಗ್ಲಿ."

ಅವಳು ಮೂರು ಊರಿನ ಕೆಳಗೆ ದಾರಿ ಎಂದು ಸೇರಿಸಿ ನನ್ನ ಕಡೆ ತಿರುಗಿದಳು. "ಈ ಪದ್ಧತಿ ಐತಂತ ಮೊದ್ಲೇ ಯಾಕ ಹೇಳ್ಲಿಲ್ಲ?"

"ನೀ ಕೇಳಿದ್ದು ಗೋದಾಮಿನಾಗ ಏನೈತಿ ಅಂತ."

ಎಂಟನೆಯ ದಿನ ಸಾಹುಕಾರರೇ ಎಣಿಸಿದರು. ಪಂಪಿನ ಖಾನೆ ಖಾಲಿ. ಪಟ್ಟಿಯಲ್ಲೂ ಬಳ್ಳಾರಿ ಸೊನ್ನೆ, ದಾರಿ ಎರಡು.

"ಯಾರ ಹತ್ರ ಅದಾವು?"

ಲಾರಿ ನಂಬರು ಪಕ್ಕದಲ್ಲೇ ಇತ್ತು. ಅಂಕಿಗಳನ್ನು ನಾನೇ ಒತ್ತಿದ್ದೆ. ಅವರು ನೋಡಿದರು, ಚಹಾ ಕುಡಿಯಲು ಹೋದರು. ಗಣಿ ನಿಂತು ಲಾರಿಗಳು ಕಡಿಮೆಯಾಗುವವರೆಗೂ ನಾನು ಆ ಗೋದಾಮಿನಲ್ಲೇ ಕೂತಿದ್ದೆ.