ಬೆಳಕು ಬೀಳದ ಮಗ್ಗುಲು

ನಮ್ಮ ಚಿಕ್ಕಮ್ಮನ ಕಣ್ಣಿಗೆ ಯಾವುದೂ ಸೊಟ್ಟಗೆ ಕಾಣುವಂತಿಲ್ಲ. ಚಪ್ಪಲಿ ಕೂಡ ಗೋಡೆಗೆ ಸಮನಾಗಿ ನಿಲ್ಲಬೇಕು. ಹಣ್ಣಿನ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಅಚ್ಚುಕಟ್ಟಮ್ಮ ಎನ್ನುತ್ತಿದ್ದರು. ಗೇಲಿಗೆ ಇಟ್ಟ ಹೆಸರನ್ನು ಅವಳು ಬಿರುದೆಂದೇ ತಿಳಿದಿದ್ದಳು.

ಸ್ಟ್ರಾಬೆರಿಯನ್ನು ನೀರಲ್ಲಿ ತೊಳೆದರೆ ಬೇಗ ಕೊಳೆಯುತ್ತದೆ. ಅದಕ್ಕೇ ನಮ್ಮಲ್ಲಿ ಟ್ರೇಗಳು ಬೆಲ್ಟಿನ ಮೇಲೆ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ಹಾದುಹೋಗುತ್ತವೆ. ಒಳಗೆ ನೆತ್ತಿಯ ಮೇಲೆ ನೇರಳಾತೀತ ದೀಪಗಳು. ಹಣ್ಣಿನ ಮೇಲಿನ ಕೆಟ್ಟ ಬ್ಯಾಕ್ಟೀರಿಯಾವನ್ನು ಆ ಬೆಳಕೇ ಕೊಲ್ಲುತ್ತದೆ. ಟ್ರೇ ತುಂಬುವವರು ಇಬ್ಬರು. ಚಿಕ್ಕಮ್ಮ ತೊಟ್ಟು ಮೇಲೆ ಮಾಡಿ, ಸಾಲು ಹಿಡಿದು, ಒಂದಕ್ಕೊಂದು ಒತ್ತಿ ಜೋಡಿಸುತ್ತಿದ್ದಳು. ಪಕ್ಕದವಳು ಹಿಡಿಹಿಡಿಯಾಗಿ ಸುರಿದು ಟ್ರೇಯನ್ನು ಬೆಲ್ಟಿನ ಮೇಲೆ ಧಡಾರನೆ ಇಡುತ್ತಿದ್ದಳು. ಅವಳ ಹೆಸರೇ ಧಡಾರಕ್ಕ. ಪ್ರತಿ ಟ್ರೇಗೂ ತುಂಬಿದವರ ಚೀಟಿ ಅಂಟಿಸುವುದು ನನ್ನ ಕೆಲಸ.

ಆ ವಾರ, ಹಣ್ಣಿನ ಮೇಲೆ ಬ್ಯಾಕ್ಟೀರಿಯಾ ಉಳಿದಿದೆಯೇ ಎಂದು ನೋಡುವ ಪ್ರಯೋಗಾಲಯದ ವರದಿ ಬಂತು. ಧಡಾರಕ್ಕನ ಹಣ್ಣು ಪಾಸು, ಚಿಕ್ಕಮ್ಮನದು ಫೇಲು. ಸೂಪರ್‌ವೈಸರ್ ನಕ್ಕುಬಿಟ್ಟರು.

"ಇದು ಆಗೋ ಮಾತಾ? ಚೀಟಿ ಅದಲು ಬದಲಾಗಿರ್ಬೇಕು. ಅಲ್ವೇನಮ್ಮ?" ಎಂದು ನನ್ನನ್ನು ಕೇಳಿದರು.

ಚೀಟಿ ಸರಿಯಾಗಿಯೇ ಇತ್ತು. ಆದರೆ ಚಿಕ್ಕಮ್ಮನ ಮುಖ ನೋಡಿ "ಇರಬಹುದು ಸಾರ್" ಎಂದೆ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

"ನಾಳೆಯಿಂದ ನೀನು ಕ್ರೇಟ್ ತೊಳೆಯೋಕೆ ಹೋಗು" ಎಂದು ಅವರು ಧಡಾರಕ್ಕನಿಗೆ ಹೇಳಿದರು. ಯಾವತ್ತೂ ಬಾಯಿ ಮುಚ್ಚದ ಹೆಂಗಸು ಅವತ್ತು ಕೈಗವಸು ಬಿಚ್ಚಿಟ್ಟು ಹೊರಟುಹೋದಳು.

ನಾನಿರುವುದು ಚಿಕ್ಕಮ್ಮನ ಮನೆಯಲ್ಲೇ. ಸೊಂಟ ಮುರಿದು ಹಾಸಿಗೆ ಹಿಡಿದ ಅವಳ ಅತ್ತೆ, ನನಗೆ ಅಜ್ಜಿ, ಮುಂದಿನ ಕೋಣೆಯಲ್ಲಿರುತ್ತಾಳೆ. ಬಂದವರಿಗೆ ಕಾಣಲೆಂದು ಚಿಕ್ಕಮ್ಮ ಅವಳ ತಲೆ ಬಾಚಿ, ಬಾಗಿಲ ಕಡೆಗೇ ಮುಖ ಮಾಡಿ ಮಲಗಿಸುತ್ತಿದ್ದಳು. ಅವತ್ತು ಸಂಜೆ ಹೊದಿಕೆ ಬದಲಿಸುವಾಗ ಅಜ್ಜಿ ಸಿಡುಕಿದಳು.

"ಮುಖಕ್ಕೆ ಪೌಡರ್ ಬಳಿದಿದ್ದು ಸಾಕು ಕಣೇ. ಅಡಿ ಮಗ್ಗುಲು ಉರೀತಿದೆ, ಅದನ್ನ ನೋಡು."

ಹೊರಳಿಸಿದರೆ, ಅಡಿಯಲ್ಲಿದ್ದ ಸೊಂಟದ ಚರ್ಮ ಕೆಂಪಗೆ ಕಿತ್ತುಬಂದಿತ್ತು. ಚಿಕ್ಕಮ್ಮ ಮುಲಾಮು ಹಚ್ಚುತ್ತಾ ಹಚ್ಚುತ್ತಾ ಕೈ ನಿಲ್ಲಿಸಿದಳು.

"ನೀನು ಚೀಟಿ ತಪ್ಪಾಗಿ ಅಂಟಿಸಿದ್ಯಾ?"

"ಇಲ್ಲ ಚಿಕ್ಕಮ್ಮ."

"ನನ್ನ ಟ್ರೇಲಿ ಹಣ್ಣು ಅಲ್ಲಾಡೋದೇ ಇಲ್ಲ ಕಣೆ. ಅವಳದ್ದು ಬೆಲ್ಟ್ ಅದುರಿದ ಹಾಗೆಲ್ಲ ಉರುಳಾಡುತ್ತೆ. ಬೆಳಕು ಸುತ್ತಲೂ ಬೀಳುತ್ತೆ."

ಮರುದಿನ ಬೆಳಿಗ್ಗೆ ಎಲ್ಲರೆದುರು ಅದನ್ನೇ ಹೇಳಿದಳು. "ಚೀಟಿ ಸರಿಯಾಗೇ ಇತ್ತು ಸಾರ್. ತಪ್ಪು ನನ್ನ ಜೋಡಣೆದು. ಕ್ರೇಟ್ ತೊಳೆಯೋಕೆ ನನ್ನನ್ನ ಕಳಿಸಿ." ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತ್ತು.

ಸೂಪರ್‌ವೈಸರ್ ಕ್ರೇಟಿಗೆ ಯಾರನ್ನೂ ಕಳಿಸಲಿಲ್ಲ, ಧಡಾರಕ್ಕನ ಹತ್ತಿರ ಕೆಲಸ ಕಲಿ ಎಂದು ಚಿಕ್ಕಮ್ಮನಿಗೆ ಹೇಳಿದರು. ಧಡಾರಕ್ಕನಿಗೋ ಹಬ್ಬ. "ಅಕ್ಕಾ, ಅದೇನು ಮದುವೆ ಹೆಣ್ಣಾ ಸಿಂಗಾರ ಮಾಡೋಕೆ? ಬಿಡಿಬಿಡಿಯಾಗಿ ಸುರೀರಿ!" ಚಿಕ್ಕಮ್ಮ ಹಲ್ಲು ಕಚ್ಚಿ ಸುರಿದಳು. ಬೆರಳುಗಳು ಮಾತ್ರ ಸಾಲು ಸರಿಪಡಿಸಲು ಚಡಪಡಿಸುತ್ತಿದ್ದವು.

ಆ ಸಂಜೆ ಪಕ್ಕದ ಮನೆಯವರು ಬಂದಾಗ ಅಜ್ಜಿ ಗೋಡೆ ಕಡೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಳು. ಕಾಣುತ್ತಿದ್ದದ್ದು ಕೆದರಿದ ಕೂದಲು, ಸೊಂಟದ ಮೇಲಿನ ಮುಲಾಮಿನ ಕಲೆ. ಚಿಕ್ಕಮ್ಮ ಹೊದಿಕೆ ಎಳೆದು ಮುಚ್ಚಲಿಲ್ಲ.

"ಗಾಳಿ ಆಡ್ಲಿ" ಎಂದಳು.