ಕುಂಕುಮ ಇಟ್ಟ ತೋಟಾಗಳು

2020ರಲ್ಲಿ ಬೇರೆಯವರ ಗಂಡಂದಿರು ಮನೆಯಲ್ಲಿ ಬ್ರೆಡ್ ಮಾಡುವುದನ್ನು ಕಲಿಯುತ್ತಿದ್ದರೆ ನನ್ನ ಗಂಡ ಬಂದೂಕಿನ ತೋಟಾ ಮಾಡುವುದನ್ನು ಕಲಿತರು. ಇವರು ಬಸವನಗುಡಿಯಲ್ಲಿ ಬೆಳೆದ ಟೆಲಿಕಾಂ ಎಂಜಿನಿಯರ್. ಜಿರಳೆ ಕಂಡರೆ ಇವತ್ತಿಗೂ ನನ್ನನ್ನೇ ಕೂಗುತ್ತಾರೆ. ಆಫೀಸಿನ ಗೆಳೆಯನ ಮಾತು ಕೇಳಿ ಒಂದು ರೈಫಲ್ ಕೊಂಡಿದ್ದರು. ಗುಂಡು ಹಾರಿದ ಕೂಡಲೇ ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ಒಳಗೆ ಎಳೆದುಕೊಳ್ಳುವ ಜಾತಿಯದು. ಆದರೆ ಆ ವರ್ಷ ಸ್ಯಾನ್ ಡಿಯೇಗೋದ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಜೊತೆಗೆ ತೋಟಾಗಳೂ ಮಾಯವಾಗಿದ್ದವು.

ಸ್ಯಾನ್ ಪೀಡ್ರೊ ಕಡೆ ಯಾರ ಬಳಿಯೋ ಸೇನೆಯವರು ಹಾರಿಸಿ ಬಿಟ್ಟ ಹಿತ್ತಾಳೆಯ ಖಾಲಿ ತೋಟಾಗಳು ಬಕೆಟ್‌ಗಟ್ಟಲೆ ಸಿಗುತ್ತವೆ ಎಂದು ಗೊತ್ತಾಯಿತು. ಲಾಸ್ ಏಂಜಲಿಸ್ ಟ್ರಾಫಿಕ್ಕಿನಲ್ಲಿ ಬೆಂದು, ಎರಡು ಬಕೆಟ್ ತಂದರು. ಅವನ್ನು ತೊಳೆದು, ಉಬ್ಬಿದ್ದನ್ನು ಮತ್ತೆ ಅಳತೆಗೆ ಒತ್ತಿ, ತಳದಲ್ಲಿ ಕಿಡಿ ಹಾರಿಸುವ ಕೇಪು ಕೂರಿಸಿ, ಮದ್ದು ತುಂಬಿ, ಮೇಲೆ ಗುಂಡು ಕೂರಿಸಬೇಕು. ಅದಕ್ಕೊಂದು ಕೈಪ್ರೆಸ್ಸೂ ಬಂತು. ಗ್ಯಾರೇಜಿನಲ್ಲಿ ನಾನು ಸಂಗೀತ ಪಾಠಕ್ಕೆಂದು ಜಮಖಾನ ಹಾಸಿದ್ದ ಜಾಗದಲ್ಲೇ ಅದರ ಪ್ರತಿಷ್ಠಾಪನೆಯಾಯಿತು.

ಝೂಮ್‌ನಲ್ಲಿ ಮಕ್ಕಳು ಸರಳೆ ಹಾಡಿದರೆ ಒಬ್ಬೊಬ್ಬರ ಸ್ವರ ಒಂದೊಂದು ಹೊತ್ತಿಗೆ ಬಂದು ತಲುಪುತ್ತಿತ್ತು. ಬಾಗಿಲು ತೆರೆದಿಟ್ಟ ಗ್ಯಾರೇಜಿನಲ್ಲಿ ದೂರ ದೂರ ಕೂರಿಸಿ ಕಲಿಸದಿದ್ದರೆ ನನ್ನ ಪಾಠ ಅಲ್ಲಿಗೆ ಮುಗಿದಂತೆ.

"ಗ್ಯಾರೇಜ್ ಯಾವಾಗ ಬಿಟ್ಟುಕೊಡ್ತೀರಿ?" ಎಂದರೆ, "ರೈಫಲ್ ಸ್ಮೂತಾಗಿ ಓಡ್ಲಿ, ತಡಿ" ಎನ್ನುತ್ತಿದ್ದರು.

ಅದು ಓಡಲಿಲ್ಲ. ಎರಡು ಹಾರಿಸಿದರೆ ಮೂರನೆಯದು ಸಿಕ್ಕಿಕೊಳ್ಳುತ್ತಿತ್ತು. ಸೇನೆಯ ದೊಡ್ಡ ಬಂದೂಕುಗಳಲ್ಲಿ ಹಾರಿ ಹಿಗ್ಗಿದ ತೋಟಾ ನಮ್ಮ ರೈಫಲ್ಲಿನೊಳಗೆ ಸಲೀಸಾಗಿ ಕೂರುವುದಿಲ್ಲವಂತೆ. ಇವರು ಅದಕ್ಕೆ ಪವರ್‌ಪಾಯಿಂಟ್ ಮಾಡಿದರು. ಗೆಳೆಯರ ಜೊತೆ ಮೀಟಿಂಗ್ ಕರೆದು ಸಮಸ್ಯೆಯ ಮೂಲ ಹುಡುಕಿದರು. ಮೂಲ ಯಾರೆಂದು ನನಗೆ ಮೊದಲ ದಿನವೇ ಗೊತ್ತಿತ್ತು, ಕೇಳುವವರಿರಲಿಲ್ಲ. ವರ್ಷ ಕಳೆದ ಮೇಲೆ ನಾನೇ ಪಂಥ ಕಟ್ಟಿದೆ. ರೈಫಲ್ಲಿನ ಮ್ಯಾಗಜೀನು ತುಂಬ ತೋಟಾ ಹಾಕಿ, ನಡುವೆ ಎಲ್ಲೂ ನಿಲ್ಲದೆ ಹಾರಿಸಿದರೆ ಗ್ಯಾರೇಜು ಅವರಿಗೆ. ಒಂದೇ ಒಂದು ಸಿಕ್ಕಿಕೊಂಡರೂ ನನಗೆ.

ಗುಂಡು ಹಾರಿಸುವ ರೇಂಜಿಗೆ ಹೋಗುವ ಹಿಂದಿನ ದಿನ ಆಯುಧಪೂಜೆ ಬಿತ್ತು. ನಮ್ಮ ಬಡಾವಣೆ ಫೋರ್ ಎಸ್ ರ್ಯಾಂಚಿನಲ್ಲಿ ಆ ಹಬ್ಬಕ್ಕೆ ಎಲ್ಲರೂ ಲ್ಯಾಪ್‌ಟಾಪಿಗೆ ಅರಿಶಿನ ಹಚ್ಚಿ, ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ನಿಜವಾದ ಆಯುಧವೇ ಇರುವಾಗ ಬಿಡಲಾಗುತ್ತದೆಯೇ? ಪ್ರೆಸ್ಸಿಗೆ ಸೇವಂತಿಗೆ ಹಾರ, ರೈಫಲ್ಲಿಗೆ ವಿಭೂತಿ. ಅಷ್ಟಕ್ಕೆ ತೃಪ್ತಿಯಾಗದೆ, ಗಂಧದಲ್ಲಿ ಕುಂಕುಮ ಕಲಸಿ, ಹೊಸ ತೋಟಾಗಳಿಗೆಲ್ಲ ಒಂದೊಂದು ಬೊಟ್ಟು ಇಟ್ಟರು. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ವರ್ಷವಿಡೀ ತಲೆ ಕೆಡಿಸಿಕೊಂಡವರು ಆ ಬೊಟ್ಟನ್ನು ಅಳೆಯಲಿಲ್ಲ. ದೇವರ ಕುಂಕುಮ ಒರೆಸಬಾರದೆಂದು ಹಾಗೆಯೇ ಡಬ್ಬಿಗೆ ಹಾಕಿದರು. ನನಗೆ ಒಳಗೊಳಗೇ ಖುಷಿ. ಗ್ಯಾರೇಜು ಬಂದ ಹಾಗೆಯೇ.

ಮರುದಿನ ರೇಂಜಿನಲ್ಲಿ ನಾನು ಹಿಂದೆ ಬೆಂಚಿನ ಮೇಲೆ ತೀರ್ಪುಗಾರ್ತಿಯಂತೆ ಕುಳಿತಿದ್ದೆ. ಮೊದಲ ಕೆಲವು ನೆಟ್ಟಗೆ ಹಾರಿದವು. ಆಮೇಲೆ ಒಂದು ಮಾತ್ರ ಟಪ್ ಎಂದು ಸಣ್ಣಗೆ ಸದ್ದು ಮಾಡಿ ಸುಮ್ಮನಾಯಿತು. ಇವರು ನನ್ನತ್ತ ಕಳ್ಳನೋಟ ಬೀರಿ, ರೈಫಲ್ಲಿನ ಪಕ್ಕದ ಹಿಡಿಯನ್ನು ಕೈಯಿಂದ ಎಳೆದು ಮುಂದಿನದನ್ನು ಒಳಗೆ ಬಿಟ್ಟರು. ಅದು ಪೂರ್ತಿ ಕೂರಲಿಲ್ಲ. ಒಣಗಿದ ಕುಂಕುಮ ಅಡ್ಡ ಬಂದಿತ್ತು. ಪಂಥ ಸೋಲುವ ಸಂಕಟಕ್ಕೆ ಆ ಹಿಡಿಯನ್ನು ಅಂಗೈಯಿಂದ ಗುದ್ದತೊಡಗಿದರು. ಅಷ್ಟರಲ್ಲಿ ರೇಂಜಿನ ಮೇಲ್ವಿಚಾರಕಿ ಓಡಿ ಬಂದು ಅವರನ್ನು ತಡೆದಳು.

ರೈಫಲ್ ಖಾಲಿ ಮಾಡಿಸಿ ನಳಿಗೆಯೊಳಗೆ ಒಂದು ಸರಳು ತೂರಿಸಿದಳು. ಅದು ನಡುವೆಯೇ ನಿಂತಿತು. ಟಪ್ ಎಂದದ್ದರಲ್ಲಿ ಮದ್ದೇ ಇರಲಿಲ್ಲ. ತಳದ ಕೇಪಿನ ಬಲಕ್ಕಷ್ಟೇ ಹೊರಟ ಅದರ ಗುಂಡು ಹೊರಗೆ ಹೋಗದೆ ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಇನ್ನೊಂದು ಹಾರಿಸಿದ್ದರೆ ಮುಖದ ಪಕ್ಕದಲ್ಲೇ ರೈಫಲ್ ಒಡೆಯುತ್ತಿತ್ತು ಎಂದು, ಹವಾಮಾನ ಹೇಳುವವಳಂತೆ ಹೇಳಿದಳು. ತನ್ನ ಬೆರಳಿಗೆ ಅಂಟಿದ ಕೆಂಪು ಏನೆಂದು ಕೇಳಿದಳು. ಇವರು ತೋಟಾಗಳ ಡಬ್ಬಿಯ ಮುಚ್ಚಳ ಹಾಕಿದರು.

ವಾಪಸು ಬರುವಾಗ ನಾನೇ ಡ್ರೈವ್ ಮಾಡಿದೆ. ಇವರು ಶುರು ಮಾಡಿದರು.

"ನೋಡಿದ್ಯಾ, ಕುಂಕುಮನೇ ಕಾಪಾಡ್ತು."

"ಮದ್ದು ಹಾಕೋದು ಮರೆತಿದ್ದು ಯಾರು, ಕುಂಕುಮನಾ?"

"ಪೂಜೆ ದಿನ ಬೆಳಗ್ಗೆ ತುಂಬ್ತಾ ಇದ್ದಾಗ ಮಂಗಳಾರತಿಗೆ ಬನ್ನಿ ಅಂತ ಕೂಗಿದ್ಯಲ್ಲ, ಅದೇ ಇರ್ಬೇಕು. ಅಲ್ಲದೆ ಸಿಕ್ಕಿಕೊಂಡಿದ್ದು ಈ ಸಲ ಫಾಲ್ಟ್ ಅಲ್ಲ, ಸೇಫ್ಟಿ ಫೀಚರ್. ಪಂಥದ ಲೆಕ್ಕಕ್ಕೆ ಬರಲ್ಲ."

ನನಗೆ ಮೈಯೆಲ್ಲ ಉರಿಯಿತು. ಆದರೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಆ ಹೊತ್ತಿನಲ್ಲಿ ನನಗೆ ಗ್ಯಾರೇಜು ಬೇಡವಾಗಿತ್ತು, ಪಾಠವೂ ಬೇಡವಾಗಿತ್ತು. ಪಕ್ಕದ ಸೀಟಿನಲ್ಲಿ ಕೂತು ವಾದ ಮಾಡುತ್ತಿದ್ದ ಆ ಮುಖ ಒಂದಿದ್ದರೆ ಸಾಕಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದರೆ ಮಾರನೆಯ ದಿನವೇ ಪ್ರೆಸ್ಸಿನ ಮುಂದೆ ಕೂರುತ್ತಿದ್ದರು.

"ಶುಕ್ರವಾರದೊಳಗೆ ಗ್ಯಾರೇಜ್ ಖಾಲಿ ಮಾಡಿ" ಎಂದೆ.